ಒಂದೇ ಯಂತ್ರ, ಮೂರು ಸ್ಕ್ರೀನ್ ರೀಡರ್: ಕನ್ನಡ ಓದಿಸಿ ನೋಡಿದಾಗ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಹಳೆಯ ಲ್ಯಾಪ್‌ಟಾಪಿನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಹೊಸದನ್ನೇ ಕೊಂಡೆ. ಫೈಲುಗಳನ್ನು ಸಾಗಿಸುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಧ್ವನಿ, ಶಾರ್ಟ್‌ಕಟ್, ಆಡ್-ಆನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ), ಕನ್ನಡ ಟೈಪಿಂಗ್ ಇವೆಲ್ಲ ಮತ್ತೆ ಹೊಂದಿಕೊಳ್ಳಲು ವಾರಗಳೇ ಹಿಡಿದವು. ಆ ಹೊತ್ತಿನಲ್ಲಿ, ಪರದೆಯ ಮೇಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗಳಾದ ನರೇಟರ್, ಜಾಸ್, ಎನ್‌ವಿಡಿಎ ಮೂರನ್ನೂ ಇದೇ ಯಂತ್ರದಲ್ಲಿ ಓಡಿಸಿದೆ. ನಾನು ಕನ್ನಡ ಪಾಠ ಹೇಳುವವನು. ನನ್ನ ದಿನದ ಕೆಲಸವೆಂದರೆ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಇಲಾಖೆಯ ಪತ್ರಗಳು, ಸ್ವಲ್ಪ ಬ್ಯಾಂಕಿನ ವ್ಯವಹಾರ. ಆದ್ದರಿಂದ ಮೂರನ್ನೂ ಕೇಳಿದ ಮೊದಲ ಪ್ರಶ್ನೆ ಒಂದೇ: ನಿನಗೆ ಕನ್ನಡ ಬರುತ್ತದೆಯೇ?

ಡಬ್ಬ ಬಿಚ್ಚಿದ ಕೂಡಲೇ ಕೈಗೆ ಸಿಗುವುದು ವಿಂಡೋಸ್ ಜೊತೆಗೇ ಬರುವ ನರೇಟರ್. ಮೊದಲ ಸಲ ಆನ್ ಮಾಡಿ, ಭಾಷೆ, ವೈಫೈ ಕೇಳುವ ಪರದೆಗಳು ಬಂದಾಗ ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಮಾತು ಶುರು. ಮನೆಯವರನ್ನು ಕೂಗದೆ, ಅಂಗಡಿಯವನ ಕೈಗೆ ಪಾಸ್‌ವರ್ಡ್ ಕೊಡದೆ ಸೆಟಪ್ ಮುಗಿಸಬಹುದು. ಇದೊಂದರಲ್ಲಿ ಉಳಿದೆರಡೂ ಇದರ ಹತ್ತಿರ ಸುಳಿಯುವುದಿಲ್ಲ. ಸೆಟ್ಟಿಂಗ್ಸ್, ಎಡ್ಜ್ ಎರಡನ್ನೂ ಚೊಕ್ಕವಾಗಿ ಓದುತ್ತದೆ. ಆದರೆ ಧ್ವನಿಗಳ ಪಟ್ಟಿಯಲ್ಲಿ ಹಿಂದಿ, ತಮಿಳು ಸಿಕ್ಕವು, ಕನ್ನಡ ನನಗೆ ಸಿಗಲಿಲ್ಲ. ತಮಾಷೆ ನೋಡಿ, ಅದೇ ಎಡ್ಜ್ ಬ್ರೌಸರಿನ ‘ರೀಡ್ ಅಲೌಡ್’ನಲ್ಲಿ ಸಪ್ನಾ, ಗಗನ್ ಎಂಬ ಎರಡು ಒಳ್ಳೆಯ ಕನ್ನಡ ಧ್ವನಿಗಳಿವೆ. ಅವು ಬ್ರೌಸರಿನಲ್ಲಿ ತೆರೆದಿದ್ದನ್ನು ಓದಿ ಹೇಳುತ್ತವೆ, ಅದಕ್ಕೂ ಇಂಟರ್‌ನೆಟ್ ಬೇಕು. ನಾನು ವರ್ಡ್‌ನಲ್ಲಿ ಟೈಪ್ ಮಾಡುವಾಗ ಅವುಗಳಿಂದ ಪ್ರಯೋಜನವಿಲ್ಲ.

ಜಾಸ್ ಹಿರಿಯ. ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಮೋಟಾರ್‌ಸೈಕಲ್ ರೇಸರ್ ಟೆಡ್ ಹೆಂಟರ್ ಡಾಸ್ ಕಾಲದಲ್ಲಿ, 1989ರಲ್ಲಿ, ಇದನ್ನು ಹೊರತಂದರು. ದೊಡ್ಡ ಎಕ್ಸೆಲ್ ಹಾಳೆಯಲ್ಲಿ ಇಂದಿಗೂ ನನ್ನ ಮೆಚ್ಚು ಇದರ ಮೇಲೇ. ಅಂಕಪಟ್ಟಿಯಲ್ಲಿ ಎಲ್ಲಿಗೆ ಹೋದರೂ ಸಾಲಿನ ಹೆಸರು, ಕಾಲಮ್ಮಿನ ಹೆಸರು ಎರಡನ್ನೂ ಹೇಳಿ ಅಂಕ ಓದುತ್ತದೆ, ತಡವರಿಸುವುದಿಲ್ಲ. ಎನ್‌ವಿಡಿಎಯಲ್ಲೂ ಶೀರ್ಷಿಕೆ ಗುರುತಿಸಿಕೊಡಬಹುದು, ಆದರೆ ನೂರಾರು ಸಾಲು ದಾಟಿದ ಮೇಲೆ ನನ್ನ ಬೆರಳು ಜಾಸ್ ಕಡೆಗೇ ಹೋಗುತ್ತದೆ.

ಹಾಗೆಂದು ಕೊಳ್ಳಿರೆಂದು ಎಲ್ಲರಿಗೂ ಹೇಳಲಾರೆ. ಬೆಲೆ ಸಂಬಳದವನಿಗೂ ಭಾರ. ಲೈಸೆನ್ಸ್ ಇಲ್ಲದಿದ್ದರೆ ನಲವತ್ತು ನಿಮಿಷ ಓಡುತ್ತದೆ, ಆಮೇಲೆ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ಕಲಿಯಲು ಅಷ್ಟು ಸಾಕು, ಪರೀಕ್ಷೆಯ ಕಾಲದಲ್ಲಿ ಸಾಲದು. ಲೈಸೆನ್ಸ್ ಇರುವವರು ಒಂದು ಮಾತು ನೆನಪಿಡಿ: ಎಷ್ಟು ಯಂತ್ರಗಳಲ್ಲಿ ಚಾಲೂ ಮಾಡಬಹುದು ಎಂಬುದಕ್ಕೆ ಮಿತಿಯಿದೆ. ಹಳೆಯ ಯಂತ್ರ ಫಾರ್ಮ್ಯಾಟ್ ಮಾಡುವ ಮೊದಲು ಲೈಸೆನ್ಸನ್ನು ಅದರಿಂದ ಬಿಡಿಸಿಕೊಳ್ಳಿ. ಇನ್ನು ಕನ್ನಡ. ಜಾಸ್ ಬಳಸುವವರು ಮರುಳಾಗಿರುವ ಎಲೊಕ್ವೆನ್ಸ್ ಧ್ವನಿಗೆ ಕನ್ನಡ ಗೊತ್ತಿಲ್ಲ. ಇಸ್ಪೀಕ್ ಎಂಬ ಉಚಿತ ಧ್ವನಿಯನ್ನು ಬೇರೆಯಾಗಿ ಹಾಕಿಕೊಂಡು ಓದಿಸಿದೆ. ಆಯಿತು, ಆದರೆ ಇಂಗ್ಲಿಷಿಗೆ ಒಂದು, ಕನ್ನಡಕ್ಕೆ ಒಂದು ಎಂದು ಧ್ವನಿ ಬದಲಿಸುತ್ತಾ ಕೂತರೆ ಎಕ್ಸೆಲ್‌ನಲ್ಲಿ ಉಳಿಸಿದ ಸಮಯ ವರ್ಡ್‌ನಲ್ಲಿ ಹೋಯಿತು.

ಎನ್‌ವಿಡಿಎ 2006ರಲ್ಲಿ ಹುಟ್ಟಿದ್ದು. ಮೈಕೆಲ್ ಕರನ್, ಜೇಮ್ಸ್ ಟೆ ಎಂಬ ಇಬ್ಬರು ಆಸ್ಟ್ರೇಲಿಯಾದವರು, ಇಬ್ಬರೂ ಅಂಧರು, ಕಟ್ಟಿದ ಉಚಿತ ತಂತ್ರಾಂಶ. ಇಸ್ಪೀಕ್ ಇದರ ಜೊತೆಗೇ ಬರುತ್ತದೆ, ಅದರೊಳಗೆ ಕನ್ನಡವೂ ಇದೆ. ಧ್ವನಿ ಇಂಪಲ್ಲ. ಪಕ್ಕದಲ್ಲಿ ಕೂತವರು ತಗಡಿನ ಮೇಲೆ ಮಳೆ ಬಿದ್ದ ಹಾಗಿದೆ ಎಂದು ನಗುತ್ತಾರೆ, ನಗಲಿ. ವೇಗ ಏರಿಸಿದರೂ ‘ಲ’ ಯಾವುದು, ‘ಳ’ ಯಾವುದು ಎಂದು ನನ್ನ ಕಿವಿಗೆ ತಿಳಿಯುತ್ತದೆ. ಪ್ರೂಫ್ ನೋಡುವವನಿಗೆ ಇಂಪಿಗಿಂತ ಅದು ಮುಖ್ಯ. ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ಇಂಗ್ಲಿಷಾಗಿಯೇ ಉಚ್ಚರಿಸಿ ಮುಂದೆ ಹೋಗುತ್ತದೆ, ನಾನು ಏನೂ ಒತ್ತಬೇಕಾಗಿಲ್ಲ.

ಯಂತ್ರ ಬದಲಿಸುವವರಿಗೆ ಇದರಲ್ಲಿ ಇನ್ನೊಂದು ಸೌಕರ್ಯ. ಹಳೆಯ ಯಂತ್ರದಲ್ಲಿ ಸೆಟ್ಟಿಂಗ್ ಸಮೇತ, ಇನ್‌ಸ್ಟಾಲ್ ಮಾಡದೆಯೇ ಓಡುವ ಪೋರ್ಟಬಲ್ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ ನಾವು ತಿದ್ದಿದ ಉಚ್ಚಾರಣೆ ನಿಘಂಟು ಕೂಡ ಜೊತೆಗೆ ಬರುತ್ತದೆ. ಆದರೆ ಪೋರ್ಟಬಲ್ ಪ್ರತಿಯಿಂದ ಏನನ್ನಾದರೂ ಇನ್‌ಸ್ಟಾಲ್ ಮಾಡಹೊರಟಾಗ, ವಿಂಡೋಸ್ ಅನುಮತಿ ಕೇಳುವ ಪರದೆಯ ಮುಂದೆ ಅದು ಮೌನವಾಗುತ್ತದೆ. ಮೊದಲು ಎನ್‌ವಿಡಿಎಯನ್ನೇ ಇನ್‌ಸ್ಟಾಲ್ ಮಾಡಿಕೊಳ್ಳಿ. ಆ ಒಂದು ಅನುಮತಿಗೆ ನರೇಟರ್ ಸಾಕು. ಆಡ್-ಆನ್‌ಗಳ ಕಿರಿಕಿರಿ ಮಾತ್ರ ತಪ್ಪಿದ್ದಲ್ಲ. ವರ್ಷದ ಮೊದಲ ಆವೃತ್ತಿ ಬಂದಾಗ ಹಳೆಯ ಆಡ್-ಆನ್‌ಗಳು ಹೊಂದುವುದಿಲ್ಲ ಎಂದು ನಿಂತುಬಿಡುತ್ತವೆ. ಆಡ್-ಆನ್ ಸ್ಟೋರ್‌ನಲ್ಲಿ ಬಲವಂತವಾಗಿ ಚಾಲೂ ಮಾಡುವ ದಾರಿಯಿದೆ. ಕೆಲವು ಬದುಕುತ್ತವೆ, ಕೆಲವು ಎನ್‌ವಿಡಿಎಯನ್ನೇ ಎಳೆದುಕೊಂಡು ಬೀಳುತ್ತವೆ. ಇನ್ನೂ ವಿಂಡೋಸ್ 7ರಲ್ಲಿ ಇರುವವರಿಗೆ 2023.3.4 ಕೊನೆಯ ಆವೃತ್ತಿ.

ಮೂರೂ ಒಂದೇ ಸಮನೆ ಸೋತದ್ದು ಹಳೆಯ ಫಾಂಟುಗಳ ಮುಂದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಕನ್ನಡದ ರೂಪ ತೊಡಿಸಿದ ಫಾಂಟ್) ಮಾಡಿದ ಕಡತದಲ್ಲಿ ‘ಕನ್ನಡ’ ಎಂದು ಕಣ್ಣಿಗೆ ಕಾಣುವ ಪದದ ಒಳಗಿರುವುದು ಪಿ, ಗ್ರೇವ್ ಗುರುತಿನ ಎ, ಪೌಂಡ್ ಚಿಹ್ನೆ, ಮತ್ತೆ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ. ಸ್ಕ್ರೀನ್ ರೀಡರ್ ಓದುವುದೂ ಅದನ್ನೇ. ದುಬಾರಿಯದು ಸ್ವಲ್ಪ ಗಂಭೀರವಾಗಿ ಓದುತ್ತದೆ, ಅಷ್ಟೇ. ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸದೆ ಗತಿಯಿಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಕೋಷ್ಟಕಗಳಿದ್ದರೆ ಮಾತ್ರ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಟೈಪಿಂಗಿಗೂ ಇದೇ ನೆಪದಲ್ಲಿ ದಾರಿ ಬದಲಿಸಿದೆ. ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಲು ಹಿಂದೆ ಒತ್ತುತ್ತಿದ್ದ ಸ್ಕ್ರಾಲ್ ಲಾಕ್ ಕೀ ಹೊಸ ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲ. 2019ರಿಂದ ವಿಂಡೋಸ್ ಒಳಗೇ ಇರುವ ಕನ್ನಡ ಫೊನೆಟಿಕ್ ಕೀಲಿಮಣೆಗೆ ಬಂದೆ. ವಿಂಡೋಸ್, ಸ್ಪೇಸ್ ಒತ್ತಿದರೆ ಭಾಷೆ ಬದಲಾದದ್ದನ್ನು ಎನ್‌ವಿಡಿಎ ಹೇಳುತ್ತದೆ.

ಇನ್ನೊಂದು ಚಿಕ್ಕ ವಿಷಯ. ರೈಟ್ ಕ್ಲಿಕ್ ಮೆನುವಿನ ಕೀಲಿಯ ಜಾಗವನ್ನು ಕೆಲವು ಹೊಸ ಯಂತ್ರಗಳಲ್ಲಿ ಮೈಕ್ರೋಸಾಫ್ಟಿನ ಎಐ ಸಹಾಯಕ ಕೋಪೈಲಟ್‌ನ ಕೀಲಿ ತಿಂದಿದೆ. ಶಿಫ್ಟ್, ಎಫ್10 ಒತ್ತಿ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ವಿಂಡೋಸ್ 11ರ ಮೊಟಕು ಮೆನುವಿನ ಬದಲು ಹಳೆಯ ಪೂರ್ತಿ ಮೆನುವೇ ತೆರೆಯುತ್ತದೆ.

ಈಗ ಮನೆಯ ಯಂತ್ರದಲ್ಲಿ ಲಾಗಿನ್ ಪರದೆಯಿಂದಲೇ ಎನ್‌ವಿಡಿಎ ಮಾತಾಡುತ್ತದೆ. ಅಂಕಪಟ್ಟಿಯ ದಿನಗಳಲ್ಲಿ ಕಾಲೇಜಿನಲ್ಲಿ ಜಾಸ್. ಎನ್‌ವಿಡಿಎ ನಿಂತುಹೋದ ಹೊತ್ತಿಗೆ ನರೇಟರ್. ಸ್ಕ್ಯಾನ್ ಮಾಡಿದ ಸುತ್ತೋಲೆ ಬಂದರೆ ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆಯುತ್ತೇನೆ. ಕನ್ನಡ ಅಕ್ಷರಗಳನ್ನು ಅದು ಸಾಕಷ್ಟು ಗುರುತಿಸುತ್ತದೆ, ಮೊಹರು ಬಿದ್ದ ಜಾಗ ಬಿಟ್ಟು.