ಮಳೆಗಾಲದಲ್ಲೂ ಕೈಕೊಡದ ಶೇವಿಂಗ್ ಕಿಟ್: ಹಾಸನ–ಚಿಕ್ಕಮಗಳೂರು ಸುತ್ತಾಟದ ಅನುಭವ

ಪ್ರಯಾಣಕ್ಕೆ ಶೇವಿಂಗ್ ಕಿಟ್ ಕೊಳ್ಳುವವರು ಸಾಮಾನ್ಯವಾಗಿ ತೂಕ ನೋಡುತ್ತಾರೆ, ಸೈಜು ನೋಡುತ್ತಾರೆ, ಚರ್ಮದ ಪೌಚ್ ಚೆನ್ನಾಗಿದೆಯಾ ಅಂತ ನೋಡುತ್ತಾರೆ. ನಮ್ಮ ಕಡೆ ಇರುವವರು ಮೊದಲು ನೋಡಬೇಕಾದ್ದು ಬೇರೆ. ಬೇಗ ಒಣಗುತ್ತಾ ಇಲ್ಲವಾ? ಬ್ರಷ್, ರೇಜರ್, ಸೋಪು, ಚೀಲ, ಎಲ್ಲಕ್ಕೂ ಇದೇ ಪ್ರಶ್ನೆ. ಹೀಗೆ ಆರಿಸಿದ ಕಿಟ್ ಒಂದನ್ನು ವರ್ಷಗಳಿಂದ ಬಳಸುತ್ತಿದ್ದೇನೆ.

ನಾನು ಔಷಧ ಕಂಪನಿಯ ರೆಪ್. ಮನೆ ಹಾಸನದಲ್ಲಿ. ಬೇಲೂರು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಒಂದು ಕಡೆ, ಅರಸೀಕೆರೆ, ಕಡೂರು ಇನ್ನೊಂದು ಕಡೆ. ರಾತ್ರಿ ಲಾಡ್ಜಿನಲ್ಲಿ ಉಳಿದು ಬೆಳಿಗ್ಗೆ ನುಣ್ಣಗೆ ಶೇವ್ ಮಾಡಿಕೊಂಡು ಡಾಕ್ಟರ ಮುಂದೆ ನಿಲ್ಲಬೇಕು. ಕಾರ್ಟ್ರಿಡ್ಜ್ ರೇಜರ್ ನನ್ನ ಕುತ್ತಿಗೆಗೆ ಆಗಿಬರಲ್ಲ, ಸಣ್ಣ ಗುಳ್ಳೆ ಏಳುತ್ತವೆ. ಹಾಗಾಗಿ ಮನೆಯಲ್ಲೂ ಹೊರಗೂ ಹಳೇ ಕಾಲದ ಎರಡು ಅಲಗಿನ ಬ್ಲೇಡೇ.

ರೇಜರಿನ ವಿಷಯ ಬೇಗ ಮುಗಿಯುತ್ತೆ. ಮೂರು ತುಂಡಾಗಿ ಬಿಚ್ಚುವಂಥದ್ದನ್ನು ತಗೊಳ್ಳಿ: ಮೇಲಿನ ಮುಚ್ಚಳ, ನಡುವಿನ ತಟ್ಟೆ, ಹಿಡಿ. ಕಿಂಗ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ರೇಜರಿನ ರಚನೆಯೂ ಹೆಚ್ಚುಕಡಿಮೆ ಇದೇ, ಇವತ್ತಿಗೂ ಇದಕ್ಕಿಂತ ಸರಳವಾದದ್ದು ಬಂದಿಲ್ಲ. ಹಿಡಿ ತಿರುಗಿಸಿದರೆ ಮೇಲಿನ ಎರಡು ಬಾಗಿಲು ತೆರೆಯುವ ರೇಜರ್ ಮನೆಗೆ ಚೆನ್ನ. ಆದರೆ ಅದರ ಸಂದಿಯಲ್ಲಿ ಸೋಪು ಕೂತರೆ ಲಾಡ್ಜಿನ ಬಾತ್‌ರೂಮಿನಲ್ಲಿ ತೆಗೆಯೋಕೆ ಆಗಲ್ಲ. ಮೂರು ತುಂಡಿನದನ್ನು ಬಿಚ್ಚಿ ತೊಳೆದು ಟವೆಲಿನ ಮೂಲೆಯಲ್ಲಿ ಒರೆಸಿದರೆ ಮುಗೀತು, ಚೀಲದಲ್ಲಿ ಚಪ್ಪಟೆಯಾಗಿ ಕೂರುತ್ತೆ. ಆದಷ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಕಡಿಮೆ ಬೆಲೆಯವು ಬಹುಪಾಲು ಸತುವಿನ ಮಿಶ್ರಲೋಹಕ್ಕೆ ಕ್ರೋಮ್ ಲೇಪ ಕೊಟ್ಟವು. ಬಿಚ್ಚಿ ಹಾಕಿ ಮಾಡುವಾಗ ತಿರುಪಿನ ಹತ್ತಿರ ಲೇಪ ಸವೆಯುತ್ತೆ, ಆಮೇಲೆ ಒಳಗಿನ ಲೋಹ ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗೋಕೆ ಶುರುವಾಗುತ್ತೆ. ಘಟ್ಟ ಇಳಿದು ಮಂಗಳೂರಿನ ಉಪ್ಪುಗಾಳಿಗೆ ಹೋಗುವವರಿಗೆ ಇನ್ನೂ ಬೇಗ.

ಬ್ರಷ್ಷಿನದೇ ದೊಡ್ಡ ಕಥೆ.

ಪ್ರಯಾಣಕ್ಕೆಂದೇ ಬರುವ ಒಂದು ಬಗೆಯ ಬ್ರಷ್ ಇದೆ. ಲೋಹದ ಕೊಳವೆಯೊಳಗೆ ಬ್ರಷ್ ತಲೆಕೆಳಗಾಗಿ ಕೂತಿರುತ್ತೆ. ಹೊರತೆಗೆದು ತಿರುಗಿಸಿ ಹಾಕಿದರೆ ಅದೇ ಕೊಳವೆ ಹಿಡಿಯಾಗುತ್ತೆ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದು. ನಾನು ಮೊದಲು ಕೊಂಡದ್ದು ಬ್ಯಾಜರ್ ಅನ್ನುವ ಪ್ರಾಣಿಯ ಕೂದಲಿನದು, ಬೆಲೆಯೂ ಜಾಸ್ತಿ. ಬೇಸಿಗೆಯಲ್ಲಿ ಅದರ ಬಗ್ಗೆ ಒಂದು ದೂರೂ ಇರಲಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಅದರ ನಿಜ ಬಣ್ಣ ಗೊತ್ತಾಯಿತು. ಬ್ಯಾಜರ್ ಕೂದಲು ನೀರನ್ನು ಹೀರಿ ಹಿಡಿದುಕೊಳ್ಳುತ್ತೆ. ಮುಖದ ಮೇಲೆ ಅದೇ ಅದರ ಒಳ್ಳೇ ಗುಣ, ಪ್ರಯಾಣದಲ್ಲಿ ಅದೇ ಕಷ್ಟ. ಎಷ್ಟು ಕೊಡವಿದರೂ ಬುಡ ಒದ್ದೆ. ಕೊಳವೆಗೆ ಗಾಳಿಗೆಂದು ಕೊಟ್ಟಿದ್ದು ನಾಲ್ಕೇ ತೂತು, ಅವೂ ಒಣಗಿದ ಸೋಪಿನಿಂದ ಮುಚ್ಚಿಹೋಗುತ್ತಿದ್ದವು. ಮೂಡಿಗೆರೆಯಲ್ಲಿ ಒಂದು ಬೆಳಿಗ್ಗೆ ತೆಗೆದರೆ ಬುಡದ ಸುತ್ತ ಬೂದು ಬಣ್ಣದ ಬೂಷ್ಟು, ಹಸಿ ಗೋಣಿಚೀಲದ ವಾಸನೆ. ಕಂಪನಿಗೆ ಬರೆದರೆ "ಸಂಪೂರ್ಣ ಒಣಗಿಸಿ ಇಡಿ" ಅಂತ ಉತ್ತರ ಬಂತು. ಪುಷ್ಯ ಮಳೆಯಲ್ಲಿ ಮಲೆನಾಡಿನಲ್ಲಿ ಬನಿಯನ್ನೇ ಒಣಗಲ್ಲ, ಒಲೆ ಮೇಲೆ ದಾರ ಕಟ್ಟಿ ಹಾಕಬೇಕು. ಅಂಥಾ ಕಡೆ ಬೆಳಿಗ್ಗೆ ಎಂಟಕ್ಕೆ ರೂಮು ಖಾಲಿ ಮಾಡುವವನು ಬ್ರಷ್ಷನ್ನು ಎಲ್ಲಿ ಒಣಗಿಸಬೇಕು? ಪ್ರಯಾಣಕ್ಕೆ ಅಂತಲೇ ಮಾರುವ ವಸ್ತು ಪ್ರಯಾಣಕ್ಕೇ ಆಗಿಬರದಿದ್ದರೆ ಅದು ವಸ್ತುವಿನ ದೋಷ, ಕೊಂಡವನದಲ್ಲ.

ಈಗಿರುವುದು ಅದೇ ಬಗೆಯ ಕೊಳವೆ ಬ್ರಷ್, ಆದರೆ ಸಿಂಥೆಟಿಕ್ ಎಳೆಯದು. ವ್ಯತ್ಯಾಸ ನಿಜಕ್ಕೂ ದೊಡ್ಡದು. ಎಳೆ ತಾನೇ ನೀರು ಕುಡಿಯಲ್ಲ, ನೀರು ಎಳೆಗಳ ನಡುವೆ ನಿಲ್ಲುತ್ತೆ ಅಷ್ಟೆ. ಮುಷ್ಟಿಯಲ್ಲಿ ಹಿಂಡಿ, ಎರಡು ಸಲ ಜೋರಾಗಿ ಕೊಡವಿ, ಟವೆಲಿನ ಮೇಲೆ ಆ ಕಡೆ ಈ ಕಡೆ ಸವರಿದರೆ ಮುಕ್ಕಾಲು ಒಣಗಿದ ಹಾಗೇ. ಬಳಸುವ ಮೊದಲು ನೆನೆಹಾಕುವ ಕೆಲಸವೂ ಇಲ್ಲ. ಹಂದಿ ಕೂದಲಿನ ಬ್ರಷ್ ಬೇಡ ಅನ್ನುವವರಿಗೂ ಇದೇ ಸರಿ. ಕೊಳವೆಯ ಮುಚ್ಚಳವನ್ನು ನಾನು ಬಸ್ಸು ಹತ್ತುವಾಗ ಮಾತ್ರ ಹಾಕುತ್ತೇನೆ. ರೂಮು ಸೇರಿದ ತಕ್ಷಣ ಬ್ರಷ್ ಹೊರಗೆ, ಫ್ಯಾನಿನ ಕೆಳಗೆ. ಹಾಕುವಾಗ ಎಳೆಗಳನ್ನು ಬೆರಳಲ್ಲಿ ಒಟ್ಟು ಮಾಡಿಕೊಂಡು ಇಳಿಸಿ. ಇಲ್ಲದಿದ್ದರೆ ಕೊಳವೆಯ ಅಂಚಿಗೆ ಸಿಕ್ಕ ಎಳೆಗಳು ಮಡಚಿ ಹಾಗೇ ನಿಂತುಬಿಡುತ್ತವೆ.

ಸೋಪಿಗೆ ಬರೋಣ. ಇಲ್ಲಿ ನೀರಿನ ಮಾತು ಆಡಲೇಬೇಕು, ಯಾಕೆಂದರೆ ನನ್ನ ಸುತ್ತಾಟದಲ್ಲಿ ಒಂದೂವರೆ ಗಂಟೆ ದಾರಿಯಲ್ಲಿ ನೀರೇ ಬದಲಾಗುತ್ತೆ. ಸಕಲೇಶಪುರ, ಮೂಡಿಗೆರೆ ಕಡೆಯ ನೀರಿಗೆ ಸೋಪು ಮುಟ್ಟಿಸಿದರೆ ಸಾಕು, ನೊರೆ ಉಕ್ಕುತ್ತೆ. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಬಿಳೀ ಗಸಿಯಾಗುತ್ತೆ. ನೊರೆ ಆಗಬೇಕಾದ ಸೋಪು ಗಸಿಯಾಗಿ ಹೋದರೆ ಮುಖದ ಮೇಲೆ ಉಳಿಯುವುದು ತೆಳ್ಳಗಿನ ಗುಳ್ಳೆಗಳು ಮಾತ್ರ. ಅವು ಬ್ಲೇಡ್ ತಾಗುವ ಮೊದಲೇ ಒಡೆದುಹೋಗುತ್ತವೆ, ಉರಿ ಅಲ್ಲೇ ಶುರು. ಟ್ಯೂಬಿನ ಕ್ರೀಮು ಹಾಕಿದರೂ ಅಷ್ಟೆ, ಅದರಲ್ಲಿರುವುದೂ ಸೋಪೇ ಅಲ್ವಾ? ಪರಿಹಾರ ಸುಲಭ. ಬಯಲುಸೀಮೆಯಲ್ಲಿ ಸೋಪು ಎರಡರಷ್ಟು, ನೀರು ಹನಿ ಹನಿ. ಅದಕ್ಕೂ ಬಗ್ಗದಿದ್ದರೆ ಬ್ರಷ್ ಅದ್ದುವುದಕ್ಕೆ ಮಾತ್ರ ಗಡಸುತನ ತೆಗೆಯುವ ಆರ್‌ಒ ಫಿಲ್ಟರಿನ ನೀರು ತಗೊಳ್ಳಿ. ಅರ್ಧ ಲೋಟ ಸಾಕು.

ಇದಕ್ಕೆಲ್ಲ ಹೊಂದುವುದು ಕಡ್ಡಿಯಂಥ ಶೇವಿಂಗ್ ಸೋಪು. ಒದ್ದೆ ಗಡ್ಡಕ್ಕೆ ಎದುರುಗೂದಲಲ್ಲಿ ನೇರವಾಗಿ ಉಜ್ಜಿ, ಮೇಲೆ ಬ್ರಷ್ ಆಡಿಸಿದರೆ ಮುಖದ ಮೇಲೇ ನೊರೆ. ಬಟ್ಟಲು ಬೇಡ. ಎಷ್ಟು ಸೋಪು ಹತ್ತಿತು ಅಂತ ಕೈಗೇ ಗೊತ್ತಾಗುತ್ತೆ, ಗಡಸು ನೀರಿನಲ್ಲಿ ಇನ್ನೆರಡು ಸಲ ಎಳೆದರಾಯಿತು. ಟ್ಯೂಬಿನ ಹಾಗೆ ಬ್ಯಾಗಿನಲ್ಲಿ ಒಡೆದು ಸುರಿಯಲ್ಲ. ತುದಿಯನ್ನು ಒರೆಸಿ ಮುಚ್ಚಬೇಕು ಅಷ್ಟೆ.

ನಾನು ಬಳಸುವ ಬ್ಲೇಡ್ 7 ಓ'ಕ್ಲಾಕ್ ಬ್ರ್ಯಾಂಡಿನದು. ಯಾವ ಊರಿನ ಗೂಡಂಗಡಿಯಲ್ಲೂ ಏನಾದರೊಂದು ಎರಡು ಅಲಗಿನ ಬ್ಲೇಡ್ ಸಿಗುತ್ತೆ, ಹಾಗಾಗಿ ರಾಶಿ ಹೊರುವ ಅಗತ್ಯವಿಲ್ಲ. ಒಂದೇ ಪ್ಯಾಕೆಟ್ಟನ್ನು ಮಾತ್ರೆಯ ಖಾಲಿ ಡಬ್ಬಿಯಲ್ಲಿ ಹಾಕಿಡುತ್ತೇನೆ. ಕಾಗದದ ಹೊದಿಕೆಗೆ ತೇವ ಹಿಡಿದರೆ ಸ್ಟೇನ್‌ಲೆಸ್ ಬ್ಲೇಡಿನ ಮೇಲೂ ಚುಕ್ಕೆ ಬೀಳುತ್ತೆ. ಊರಿಂದೂರಿಗೆ ಹೊರಡುವಾಗ ರೇಜರಿನೊಳಗೆ ಬ್ಲೇಡ್ ಬಿಡಬೇಡಿ. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ವಿಮಾನ ಹತ್ತುವವರು ಬ್ಲೇಡುಗಳನ್ನು ಚೆಕ್-ಇನ್ ಬ್ಯಾಗಿಗೇ ಹಾಕಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ಕೈಚೀಲ ಒಂದೇ ಇದ್ದರೆ ಬ್ಲೇಡನ್ನು ಹೋದ ಊರಿನಲ್ಲೇ ಕೊಳ್ಳಿ.

ಹಳೇ ಬ್ಲೇಡನ್ನು ಮಾತ್ರ ದಯವಿಟ್ಟು ಲಾಡ್ಜಿನ ಕಸದಬುಟ್ಟಿಗೆ ಹಾಗೇ ಎಸೆಯಬೇಡಿ. ಬೆಳಿಗ್ಗೆ ಆ ಕಸವನ್ನು ಬರಿಗೈಯಲ್ಲಿ ಬಳಿಯುವ ಅಕ್ಕಂದಿರು ಇದ್ದಾರೆ. ನನ್ನ ಹತ್ತಿರ ಮುಚ್ಚಳಕ್ಕೆ ಸೀಳು ಹೊಡೆಸಿದ ಚಿಕ್ಕ ತಗಡಿನ ಡಬ್ಬಿ ಇದೆ. ಬಳಸಿದ್ದೆಲ್ಲ ಅದರೊಳಗೆ, ಅದು ನನ್ನ ಜೊತೆಗೇ ಹಾಸನಕ್ಕೆ ವಾಪಸ್.

ಶೇವ್ ಆದ ಮೇಲೆ ಹಚ್ಚಲು ಪಟಿಕ. ಬಾಟಲಿ ಲೋಶನ್ ನಾನು ಒಯ್ಯುವುದಿಲ್ಲ. ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದಾಗ ಯಜಮಾನರು "ಗಡ್ಡಕ್ಕಾ ಸರ್, ದೃಷ್ಟಿಗಾ?" ಅಂದರು. "ಗಡ್ಡಕ್ಕೆ" ಅಂದೆ. ದೊಡ್ಡ ಗಡ್ಡೆ ಬಿಟ್ಟು ಅಂಗೈಗೆ ಕೂರುವ, ಚೂಪು ಮೂಲೆ ಇಲ್ಲದ ತುಂಡನ್ನು ಹುಡುಕಿ ಕೊಟ್ಟರು. ಒದ್ದೆ ಮುಖಕ್ಕೆ ಒಮ್ಮೆ ಸವರಿದರೆ ಸಣ್ಣಪುಟ್ಟ ಗಾಯದ ರಕ್ತ ನಿಲ್ಲುತ್ತೆ. ಇದನ್ನೂ ಒರೆಸಿಯೇ ಇಡಬೇಕು. ಒದ್ದೆ ಪಟಿಕವನ್ನು ರೇಜರಿನ ಪಕ್ಕ ಬಿಟ್ಟರೆ ಲೋಹಕ್ಕೆ ಒಳ್ಳೇದಲ್ಲ, ಬೇರೆ ಡಬ್ಬಿ ಇರಲಿ.

ಇಷ್ಟನ್ನೂ ಹಾಕುವ ಚೀಲ? ಚರ್ಮದ್ದು ಬೇಡ, ಮಲೆನಾಡಿನ ಮಳೆಗಾಲದಲ್ಲಿ ಚರ್ಮಕ್ಕೇ ಬೂಷ್ಟು ಹಿಡಿಯುತ್ತೆ. ಒಳಗೆ ಪ್ಲಾಸ್ಟಿಕ್ ಹಾಳೆ ಹೊಲಿದ "ವಾಟರ್‌ಪ್ರೂಫ್" ಪೌಚ್ ಅಂತೂ ಬೇಡವೇ ಬೇಡ, ನೀರನ್ನು ಒಳಗೇ ಕೂಡಿಹಾಕುತ್ತೆ. ನನ್ನದು ಒಂದು ಬದಿ ಪೂರ್ತಿ ಬಲೆಯಂಥ ಬಟ್ಟೆ ಇರುವ ಅಗ್ಗದ ಚೀಲ. ಜಿಪ್ಪು ಸ್ವಲ್ಪ ಬಿಗಿ, ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಟೈಲರ್ ಹತ್ತಿರ ಹಾಕಿಸಿದೆ. ಅದು ಬಿಟ್ಟರೆ ದೂರಿಲ್ಲ. ರೂಮಿನ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಬಹುದು.

ಅಂಕ ಕೊಡಬೇಕೆಂದರೆ ರೇಜರಿಗೆ ಐದಕ್ಕೆ ಐದು, ಸೋಪಿಗೆ ನಾಲ್ಕೂವರೆ, ಸಿಂಥೆಟಿಕ್ ಬ್ರಷ್ಷಿಗೆ ನಾಲ್ಕು. ಕೊಳವೆಯ ತೂತುಗಳನ್ನು ದೊಡ್ಡದು ಮಾಡಿದರೆ ಬ್ರಷ್ಷಿಗೂ ಐದೇ ಕೊಡುತ್ತಿದ್ದೆ. ಮನೆಯಲ್ಲಷ್ಟೇ ಬಳಸುವವರಿಗೆ ಬ್ಯಾಜರ್ ಬ್ರಷ್ ಬೇಡ ಅಂತ ನಾನು ಹೇಳಲ್ಲ. ತಿಂಗಳಿಗೆ ನಾಲ್ಕು ರಾತ್ರಿ ಹೊರಗೆ ಕಳೆಯುವವರು, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಕಡೆ ಓಡಾಡುವವರು, ಸಿಂಥೆಟಿಕ್‌ನದನ್ನೇ ತಗೊಳ್ಳಿ.