ಹೊಸ ಗಾಜು, ಹಳೆಯ ನೀರು: ಸನ್‌ರೂಫ್ ಬದಲಿಸಿದ ಮೇಲಿನ ಎರಡು ಮಳೆಗಾಲ

ಬ್ರೇಕ್ ಒತ್ತಿದರೆ ಕಾರು ನಿಲ್ಲಬೇಕು. ನನ್ನದು ನಿಂತಿತು. ನಿಂತ ಮರುಕ್ಷಣ ನೆತ್ತಿಯ ಮೇಲಿನ ದೀಪದ ಸಂದಿನಿಂದ ಒಂದು ಲೋಟದಷ್ಟು ನೀರು ನನ್ನ ಹೆಂಡತಿಯ ರೇಷ್ಮೆ ಸೀರೆಯ ಮೇಲೆ ಸುರಿಯಿತು. 2024ರ ಜೂನ್ ತಿಂಗಳು, ಉಡುಪಿಯ ಸಂತೆಕಟ್ಟೆ, ಬ್ರಹ್ಮಾವರದ ಮದುವೆಯೊಂದಕ್ಕೆ ಹೊರಟಿದ್ದೆವು. ಬರೀ ನೀರಾಗಿದ್ದರೆ ಒಣಗುತ್ತಿತ್ತು. ಇದು ಎಲೆ ಕೊಳೆತ, ಚಹಾ ಬಣ್ಣದ ನೀರು. ಅವಳು ಒಂದು ಮಾತೂ ಆಡಲಿಲ್ಲ. ಹದಿನಾಲ್ಕು ವರ್ಷ ಸಂಸಾರ ಮಾಡಿದವನಿಗೆ ಅದರ ಅರ್ಥ ಗೊತ್ತು.

ಸನ್‌ರೂಫಿನ ಗಾಜು ಬದಲಿಸಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಬದಲಿಸುವ ಮೊದಲು ಏನೇನು ಕೇಳಬೇಕಿತ್ತು ಎಂಬುದು ನನಗೆ ಒಂದೊಂದಾಗಿ ತಿಳಿದದ್ದು ಬದಲಿಸಿದ ಮೇಲೆಯೇ. ಈಗ ಹೊಟ್ಟೆಯುರಿ ಸ್ವಲ್ಪ ತಣ್ಣಗಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಕಾರು 2020ರ ಡಿಸೆಂಬರಿನದು, 1200 ಸಿಸಿ ಪೆಟ್ರೋಲ್. ಯಾವ ಕಂಪನಿಯದು, ಮೈಲೇಜು ಎಷ್ಟು ಎಂಬುದೆಲ್ಲ ಇಲ್ಲಿ ಬೇಡ. ಸನ್‌ರೂಫ್ ಬೇಕೆಂದು ಹಟ ಹಿಡಿದದ್ದು ಮಗಳು. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ಚಾವಣಿಗೆ ತೂತು ಕೊರೆಸಿಕೊಳ್ಳಲು ಎಪ್ಪತ್ತು ಸಾವಿರ ಹೆಚ್ಚು ಕೊಡುವುದು ನನಗೆ ಆಗಲೂ ಅರ್ಥವಾಗಿರಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ತೆರೆಯುವ ಹಾಗಿಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ತೆರೆದರೆ ತಲೆಯ ಮೇಲೆ ದೋಸೆಯ ಕಾವಲಿ.

2024ರ ಮಾರ್ಚಿಯ ಒಂದು ಭಾನುವಾರ ಮಧ್ಯಾಹ್ನ ಅಂಗಳದ ತೆಂಗಿನ ಮರದಿಂದ ಒಣಗಿದ ಮಡಲೊಂದು ಕಳಚಿಕೊಂಡು ಬಿತ್ತು. ಮಡಲು ಅಗಲವಾಗಿ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಇದು ಬುಡದ ದಪ್ಪ ದಂಟಾದ ಕೊತ್ತಳಿಗೆ ಕೆಳಗಾಗಿ ನೇರ ಗಾಜಿನ ನಡುವಿಗೆ ಬಡಿಯಿತು. ಚಿಕ್ಕಂದಿನಲ್ಲಿ ಅದೇ ಕೊತ್ತಳಿಗೆಯಲ್ಲಿ ಬ್ಯಾಟು ಮಾಡಿ ಎಷ್ಟು ಕಿಟಕಿ ಒಡೆದಿದ್ದೆವೋ, ಲೆಕ್ಕ ಚುಕ್ತಾ ಆಯಿತು. ಗಾಜು ಚೂರಿಯಂಥ ತುಂಡುಗಳಾಗಲಿಲ್ಲ, ಕಲ್ಲುಸಕ್ಕರೆಯ ಹಾಗೆ ಸಾವಿರ ಹರಳಾಗಿ ಉದುರಿತು. ಟೆಂಪರ್ಡ್ ಗಾಜಿನ ಗುಣವೇ ಅದು. ಒಳಗಿನ ಪರದೆ ಮುಚ್ಚಿದ್ದರಿಂದ ಹೆಚ್ಚಿನವು ಅದರ ಮೇಲೆಯೇ ನಿಂತವು. ಮೂಲೆಯಲ್ಲಿ ಮುದ್ರೆಯಿದ್ದ ಒಂದು ತುಂಡು ಮಾತ್ರ ಚೌಕಟ್ಟಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಸಾಬೂನಿನ ಪೆಟ್ಟಿಗೆಯಲ್ಲಿಟ್ಟೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಕಂಪನಿಯ ಸರ್ವಿಸ್ ಕೇಂದ್ರದವರು ಬರೀ ಗಾಜು ಬರುವುದಿಲ್ಲ ಎಂದರು. ಚೌಕಟ್ಟು, ಹಳಿ, ಮೋಟಾರು ಎಲ್ಲ ಸೇರಿದ ಸೆಟ್ಟನ್ನೇ ಹಾಕಬೇಕು, 61,000 ರೂಪಾಯಿ, ಸಾಮಾನು ಬರಲು ಹದಿನೈದು ದಿನ. ಪೇಟೆಯ ಕಾರು ಗಾಜಿನ ಅಂಗಡಿಯವರು 14,500ಕ್ಕೆ ಗಾಜು ಹಾಕಿ ಅದೇ ದಿನ ಸಂಜೆ ಕೊಡುತ್ತೇವೆ ಎಂದರು. 'ಗಾಜು ಬಿಡಿಯಾಗಿ ಬರುವುದಿಲ್ಲವೆಂದರೆ ಭಾಗದ ಸಂಖ್ಯೆಯ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿ' ಎಂದು ನಾನು ಸರ್ವಿಸ್ ಕೇಂದ್ರದಲ್ಲಿ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಕಾರಿಗೆ ಗಾಜೂ ರಬ್ಬರ್ ಬೀಡಿಂಗೂ ಬಿಡಿಯಾಗಿಯೇ ಸಿಗುತ್ತವೆ ಎಂದು ಆಮೇಲೆ ಗೊತ್ತಾಯಿತು.

ವಿಮೆಯ ವಿಚಾರದಲ್ಲಿ ನನ್ನ ವೃತ್ತಿಯೇ ನನಗೆ ಶತ್ರುವಾಯಿತು. ಸಾಮಾನ್ಯ ಪಾಲಿಸಿಯಲ್ಲಿ ಗಾಜಿಗೆ ಸವಕಳಿ, ಅಂದರೆ ಭಾಗ ಹಳತಾದದ್ದರ ಬಾಬ್ತು, ಕಳೆಯುವುದಿಲ್ಲ; ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಕಳೆಯುತ್ತಾರೆ. ನನ್ನದು ಸವಕಳಿಯೇ ಇಲ್ಲದ, ಜನ ಬಂಪರ್ ಟು ಬಂಪರ್ ಎನ್ನುವ ಪಾಲಿಸಿ. 1500 ಸಿಸಿಯೊಳಗಿನ ಕಾರಾದ್ದರಿಂದ ಕೈಯಿಂದ ಕಡ್ಡಾಯವಾಗಿ ಹೋಗುವುದು 1,000 ರೂಪಾಯಿ. ಆದರೆ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯುತ್ತದೆ. ನಾನು ಶೇ 35ರಲ್ಲಿದ್ದೆ. ಮುಂದಿನ ವರ್ಷಗಳಲ್ಲಿ 45, ಆಮೇಲೆ 50 ಸಿಗಬೇಕಾದ ಜಾಗದಲ್ಲಿ 0, 20, 25, 35, 45 ಎಂದು ಮೆಟ್ಟಿಲನ್ನು ಮತ್ತೆ ಮೊದಲಿನಿಂದ ಹತ್ತಬೇಕು. ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ 9,000 ಎಂದು ಹಿಡಿದರೆ ಐದು ವರ್ಷದ ನಷ್ಟ 10,800 ರೂಪಾಯಿ. ಅದಕ್ಕೆ ಆ 1,000 ಸೇರಿಸಿದರೆ 11,800. ಗಾಜಿಗೆ 14,500. ಉಳಿಯುವುದು 2,700 ರೂಪಾಯಿ, ಅದಕ್ಕಾಗಿ ಸರ್ವೇಯರ್ ಬರುವವರೆಗೆ ಕಾದು, ಅರ್ಜಿ ತುಂಬಿ, ಫೋಟೊ ಕಳಿಸಿ ಯಾಕೆ ಒದ್ದಾಡಬೇಕು ಎಂದುಕೊಂಡೆ. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪಿಲ್ಲ. ಈಗಲೂ ಆ ಚೀಟಿ ನನ್ನ ಬಳಿ ಇದೆ. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ಗಾಜಿನ ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆಗಳು ಎರಡೇ: ಎಷ್ಟು, ಯಾವಾಗ. ಸಾಬೂನಿನ ಪೆಟ್ಟಿಗೆಯ ತುಂಡನ್ನು ತೋರಿಸಿ, ಹೊಸ ಗಾಜಿನ ಮೂಲೆಯಲ್ಲೂ ಐಎಸ್‌ಐ ಮುದ್ರೆಯಿದೆಯೇ ಎಂದು ನೋಡಿದೆ, ಇತ್ತು. ವಾಹನದ ಗಾಜಿಗೆ ಐಎಸ್ 2553 ಎಂಬ ಮಾನದಂಡವಿದೆ. ಮೂಲದಲ್ಲಿ ಲ್ಯಾಮಿನೇಟೆಡ್ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವ) ಗಾಜು ಇದ್ದ ಕಡೆ ಟೆಂಪರ್ಡ್ ಹಾಕಿದರೆ, ಒಡೆದಾಗ ಪದರಕ್ಕೆ ಅಂಟಿ ನಿಲ್ಲಬೇಕಾದ ಚೂರು ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಹಳೆಯ ಮುದ್ರೆಯನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಸಂಜೆ ಐದಕ್ಕೆ ಕಾರು ಬಂತು, ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು, ಕಚ್ಚಾ ಚೀಟಿಯ ಮೇಲೆ 'ಒಂದು ವರ್ಷ ವಾರಂಟಿ' ಎಂದು ಬರೆದುಕೊಟ್ಟರು. ಯಾವುದಕ್ಕೆ ವಾರಂಟಿ? ಗಾಜಿಗೋ, ಕೂರಿಸಿದ ಕೆಲಸಕ್ಕೋ, ಸೋರಿಕೆಗೋ? ಅದನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ.

ಸೀರೆಯ ಘಟನೆಯಾದ ಮರುದಿನ ಹೋದಾಗ ಉತ್ತರ ಸಿಕ್ಕಿತು. ವಾರಂಟಿ ಗಾಜಿಗೆ, ಗಾಜು ಸರಿಯಾಗಿದೆ, ನೀರಿಗೆ ನಾವು ಹೊಣೆಯಲ್ಲ. ಆದರೂ 'ಸಮಾಧಾನಕ್ಕೆ' ಎಂದು ಹುಡುಗನೊಬ್ಬ ಬಚ್ಚಲುಮನೆಯ ಸಿಂಕಿಗೆ ಬಳಿಯುವ ಸಿಲಿಕಾನನ್ನು ಗಾಜಿನ ಸುತ್ತ ಬಳಿದ. 800 ರೂಪಾಯಿ. ಮೂರೇ ದಿನಕ್ಕೆ ಅದು ಒದ್ದೆ ರಬ್ಬರಿನಿಂದ ಚರ್ಮ ಸುಲಿದಂತೆ ಎದ್ದಿತು. ಏಳದ ಕಡೆ ಗಾಜನ್ನು ಹಿಡಿದುಕೊಂಡು ತೆರೆಯದಂತೆ ಮಾಡಿತು. ಸರ್ವಿಸ್ ಕೇಂದ್ರದವರಿಗೆ ತೋರಿಸಿದರೆ ಮತ್ತೆ ಅದೇ ಹಾಡು: ಪೂರ್ತಿ ಸೆಟ್ಟು, ಈಗ ಕಲೆಯಾದ ರೂಫ್ ಲೈನಿಂಗ್, ಅಂದರೆ ಚಾವಣಿಯ ಒಳಹೊದಿಕೆ, ಬೇರೆ. ವಿಮೆಯವರನ್ನು ಕೇಳಿದೆ. ಮಡಲು ಬಿದ್ದ ದಿನವೇ, ಬಿಚ್ಚುವ ಮೊದಲೇ ತಿಳಿಸಿದ್ದರೆ ನೋಡಬಹುದಿತ್ತು, ಆಮೇಲಿನ ಸೋರಿಕೆ ಅಪಘಾತವಲ್ಲ ಎಂದರು. ನಿಜವೇ.

ಪರ್ಕಳದ ಕಡೆ ಒಬ್ಬರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ನೆತ್ತಿಯ ದೀಪಕ್ಕೆ ನೀರು ಹೋಗಿ ಅದು ಹೊತ್ತುತ್ತಿರಲಿಲ್ಲವೆಂದು ಹೋದವನು ನಾನು, ಸೋರಿಕೆಯ ಮಾತನ್ನೇ ಎತ್ತಿರಲಿಲ್ಲ. ಅವರು ದೀಪ ಬಿಚ್ಚಿ ಬೆರಳಿನಿಂದ ಒಳಗೆ ತಡವಿ, ಬೆರಳನ್ನು ಮೂಸಿ ನೋಡಿ, "ಎಂಥದು ಮಾರಾಯರೇ, ಗಾಜಿನವರು ಗಾಜು ನೋಡಿದರು. ನೀರು ಹೋಗುವ ದಾರಿಯನ್ನು ಯಾರು ನೋಡಿದರು?" ಎಂದರು. ಒಂದು ಚೊಂಬು ನೀರು ತರಿಸಿದರು. ಬ್ಲೇಡಿನಿಂದ ಸಿಲಿಕಾನ್ ಕೊಯ್ದು ಗಾಜು ಸರಿಸಿದರು.

ಸನ್‌ರೂಫಿನ ರಬ್ಬರು ನೀರನ್ನು ಪೂರ್ತಿ ತಡೆಯಲು ಇರುವುದಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ. ನಮ್ಮ ಹಂಚಿನ ಮನೆಯ ಎರಡು ಮಾಡುಗಳು ಕೂಡುವಲ್ಲಿ ನೀರು ಹರಿದುಹೋಗಲು ಅಡಕೆ ಮರದ ದಂಬೆ ಇಡುತ್ತಿದ್ದೆವಲ್ಲ, ಅದೇ ವ್ಯವಸ್ಥೆ. ಗಾಜಿನ ಸುತ್ತ ಚೌಕಟ್ಟಿನಲ್ಲಿ ಒಂದು ದಂಬೆ ಇದೆ. ರಬ್ಬರು ದಾಟಿ ಬಂದ ನೀರು ಅದರಲ್ಲಿ ಹರಿದು ನಾಲ್ಕು ಮೂಲೆಯ ನಾಲ್ಕು ಸಣ್ಣ ಪೈಪುಗಳಿಗೆ ಇಳಿಯುತ್ತದೆ; ಮುಂದಿನವು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗಿಂದ, ಹಿಂದಿನವು ಹಿಂಬದಿಯ ಕಂಬದೊಳಗಿಂದ ನೆಲಕ್ಕೆ. ದಾರಿ ಮುಚ್ಚಿದರೆ ದಂಬೆ ತುಂಬುತ್ತದೆ. ಕಾರು ನಿಂತಿರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ, ಬ್ರೇಕ್ ಒತ್ತಿದಾಗ ಮುಂದಕ್ಕೆ ತುಳುಕುತ್ತದೆ.

ಅವರು ಒಂದೊಂದೇ ಮೂಲೆಗೆ ಸ್ವಲ್ಪ ಸ್ವಲ್ಪ ನೀರು ಹಾಕಿದರು. ಮೂರು ಕಡೆ ಚಕ್ರದ ಬಳಿ ತೊಟ್ಟಿಕ್ಕಿತು. ಮುಂದಿನ ಎಡ ಮೂಲೆಯಲ್ಲಿ ನೀರು ಹಾಗೇ ನಿಂತು ನನ್ನ ಮುಖ ನೋಡಿತು. ಗಾಳಿ ಹೊಡೆಯಬಹುದಲ್ಲ ಎಂದೆ. ಜೋರಾಗಿ ಹೊಡೆದರೆ ಒಳಗೆ ಪೈಪು ಕಳಚಿಕೊಳ್ಳುತ್ತದೆ, ಆಮೇಲೆ ರೂಫ್ ಲೈನಿಂಗ್ ಇಳಿಸಬೇಕು ಎಂದರು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ, ತಿರುಗಿಸಿ, ಎಳೆದರು. ಕಪ್ಪು ರಾಡಿ ಬಂತು, ಮಾವಿನ ಹೂವಿನ ಹೊಟ್ಟು ಬಂತು, ಅದರ ಹಿಂದೆ ಕಲ್ಲುಸಕ್ಕರೆ. ನನ್ನದೇ ಹಳೆಯ ಗಾಜಿನ ಹನ್ನೊಂದು ಹರಳು. ಮಗಳು ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿ ಎಣಿಸಿದಳು. ಗಾಜು ಹಾಕಿದವರು ಸೀಟನ್ನೂ ನೆಲವನ್ನೂ ವ್ಯಾಕ್ಯೂಮ್ ಮಾಡಿದ್ದರು, ದಂಬೆಯನ್ನು ಮುಟ್ಟಿರಲಿಲ್ಲ.

ಹೀಗಾಗಿ ಸನ್‌ರೂಫ್ ಬದಲಿಸಲು ಹೊರಟವರಿಗೆ ನಾನು ಹೇಳುವ ಮೊದಲ ಪ್ರಶ್ನೆ ಬೆಲೆಯದ್ದಲ್ಲ. 'ಕೆಲಸ ಮುಗಿದ ಮೇಲೆ ನಾಲ್ಕು ಮೂಲೆಗೂ ನನ್ನ ಎದುರಿಗೇ ನೀರು ಹಾಕಿ ತೋರಿಸುತ್ತೀರಾ?' ಹೌದು ಎಂದವರ ಬಳಿ ಮಾತು ಮುಂದುವರಿಸಿ. ತಲೆ ಕೆರೆದುಕೊಂಡರೆ ಅಂಗಡಿ ಬದಲಿಸಿ. ಹಳೆಯ ಬೀಡಿಂಗನ್ನೇ ಮತ್ತೆ ಹಾಕುತ್ತಾರೋ ಹೊಸದೋ ಎಂದೂ ಕೇಳಿ. ನನ್ನದಕ್ಕೆ ಹಳೆಯದನ್ನೇ ಹಾಕಿದ್ದರು, ಒಂದು ಕಡೆ ಮಡಚಿಕೊಂಡಿತ್ತು. ರೂಫ್ ಲೈನಿಂಗ್ ಇಳಿಸುವ ಕೆಲಸವಾದರೆ ಡಿಕ್ಕಿಯಾದಾಗ ಕಿಟಕಿಯ ಬದಿಗೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಅದರ ಹಿಂದೆಯೇ ಮಲಗಿರುತ್ತದೆ ಎಂಬುದು ನೆನಪಿರಲಿ. ಅದನ್ನು ಬಿಚ್ಚಿ ಕಟ್ಟಿ ಅಭ್ಯಾಸವಿಲ್ಲದ ಕೈಗೆ ಕಾರು ಕೊಡಬೇಡಿ. ನನ್ನ ಕಾರಿನಲ್ಲಿ ಅದಿಲ್ಲ, ಭಾವನ ಕಾರಿನಲ್ಲಿದೆ.

ಗಾಜಿನ ಮಟ್ಟವನ್ನೂ ಎಲೆಕ್ಟ್ರಿಷಿಯನ್ ಸರಿ ಮಾಡಿಕೊಟ್ಟರು. ಗಾಜಿನ ಮುಂದಂಚು ಚಾವಣಿಗಿಂತ ಕೂದಲೆಳೆಯಷ್ಟು ತಗ್ಗಿರಬೇಕು, ಹಿಂದಂಚು ಅಷ್ಟೇ ಎತ್ತರ. ನನ್ನದು ತಿರುಗುಮುರುಗಾಗಿತ್ತು, ಎಪ್ಪತ್ತು ಕಿಲೋಮೀಟರ್ ವೇಗ ದಾಟಿದರೆ ಯಾರೋ ಬಾಟಲಿಯ ಬಾಯಿಗೆ ಊದಿದಂತೆ ಕೇಳುತ್ತಿದ್ದುದು ಅದಕ್ಕೇ. ಬ್ಯಾಟರಿ ಕಳಚಿದ್ದರೆ ಗಾಜಿಗೆ ತನ್ನ ಆದಿ ಅಂತ್ಯ ಮರೆತುಹೋಗಿರುತ್ತದೆ, ಅದನ್ನು ಮತ್ತೆ ಕಲಿಸಬೇಕು. ನನ್ನ ಕಾರಿನಲ್ಲಿ ಗುಂಡಿ ಒತ್ತಿ ಹಿಡಿದರೆ ಅದೇ ಒಮ್ಮೆ ಪೂರ್ತಿ ತೆರೆದು ಮುಚ್ಚಿಕೊಳ್ಳುತ್ತದೆ. ಕಲಿಸದಿದ್ದರೆ ಬೆರಳು ಸಿಕ್ಕಿದಾಗ ಗಾಜು ಹಿಂದೆ ಸರಿಯುವ ವ್ಯವಸ್ಥೆಯನ್ನು ನಂಬುವಂತಿಲ್ಲ. ಮಕ್ಕಳಿರುವ ಮನೆಯವರು ಇದನ್ನು ಕೇಳದೆ ಕಾರು ಬಿಡಿಸಿಕೊಂಡು ಬರಬಾರದು.

ಹೊಸ ಬೀಡಿಂಗಿಗೆ 2,300, ದೀಪ ಮತ್ತು ಲೈನಿಂಗ್ ತೊಳೆದು ಒಣಗಿಸಿದ್ದಕ್ಕೆ 3,200. ಮೊದಲಿನದೂ ಸೇರಿ ಒಟ್ಟು 20,800 ರೂಪಾಯಿ. ಕ್ಲೇಮು ಮಾಡಿದ್ದರೆ 11,800ರಲ್ಲಿ ಮುಗಿಯುತ್ತಿತ್ತು. ಒಂಬತ್ತು ಸಾವಿರದ ಜಾಣತನ, ಸೀರೆ ಬೇರೆ.

ಇಷ್ಟು ಬೈದುಕೊಂಡ ಮೇಲೆ ಇನ್ನೊಂದನ್ನೂ ಹೇಳಬೇಕು. ಈಗ ತಿಂಗಳ ಮೊದಲ ಶನಿವಾರ ಸಂಜೆ ಅಂಗಳದಲ್ಲಿ ನಮ್ಮದೊಂದು ಕಾರ್ಯಕ್ರಮವಿದೆ. ನಾನು ಗಾಜು ತೆರೆದು ಹಳೆಯ ಬೈರಾಸಿನ ತುಂಡಿನಿಂದ ದಂಬೆ ಒರೆಸುತ್ತೇನೆ. ಮೂಲೆಗಳಲ್ಲಿ ಬೆರಳಿಗೆ ಬಟ್ಟೆ ಸುತ್ತಿ ಒರೆಸಬೇಕು, ಅಲ್ಲೇ ಹೊಟ್ಟು ಕೂರುವುದು. ಹಳಿಯ ಹಳೆಯ ಗ್ರೀಸು ತೆಗೆದು ಹೊಸದು ಹಚ್ಚುತ್ತೇನೆ; ಅದು ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಸಾಕು. ಮಗಳು ಚಹಾ ಲೋಟದಲ್ಲಿ ನೀರು ತಂದುಕೊಟ್ಟು ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂರುತ್ತಾಳೆ. ನಾನು ಮೇಲಿಂದ ಹಾಕುತ್ತೇನೆ. ಎರಡು ಮೂರು ಕ್ಷಣ ಮೌನ. "ಬಂತು ಅಪ್ಪ, ಬಂತು!" ನಾಲ್ಕು ಮೂಲೆಗೆ ನಾಲ್ಕು ಬಾರಿ. ಒಂದು ದಿನ ಹಿಂದಿನ ಬಲಭಾಗದಲ್ಲಿ ಅವಳು ಕೂಗಲಿಲ್ಲ. ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಬೆಕ್ಕಿನ ಮರಿಯ ಹಿಂದೆ ಹೋಗಿದ್ದಳು.

2025ರ ಮಳೆಗಾಲದಲ್ಲಿ ಒಂದು ತೊಟ್ಟೂ ಒಳಗೆ ಬರಲಿಲ್ಲ. ಆ ಜುಲೈಯಲ್ಲಿ ಹೆಬ್ರಿ ದಾಟಿ ಸೋಮೇಶ್ವರದ ಮೇಲಾಗಿ ಆಗುಂಬೆ ಘಾಟಿ ಹತ್ತಿದೆವು. ಗಾಜು ಮುಚ್ಚಿ, ಒಳಪರದೆ ಮಾತ್ರ ಸರಿಸಿ. ಹದಿನಾಲ್ಕು ತಿರುವುಗಳಲ್ಲೂ ಮಗಳು ಸೀಟಿಗೆ ಒರಗಿ ಮೇಲೆಯೇ ನೋಡುತ್ತಿದ್ದಳು. ನೆತ್ತಿಯ ಮೇಲೆ ಮರಗಳು ಒಂದಕ್ಕೊಂದು ಕೈ ಕೊಟ್ಟಂತೆ ಕೂಡುತ್ತಿದ್ದವು, ಹನಿ ಗಾಜಿಗೆ ಬಡಿದು ಒಡೆದು ಹಿಂದಕ್ಕೆ ಓಡುತ್ತಿತ್ತು. ಎಪ್ಪತ್ತು ಸಾವಿರ ಹೆಚ್ಚು ಕೊಟ್ಟದ್ದರ ಬಗ್ಗೆ ನಾನು ಗೊಣಗದೆ ಕಳೆದ ಮೊದಲ ಪ್ರಯಾಣ ಅದು. ಅವಳು ಎದ್ದು ನಿಂತು ತಲೆ ಹೊರಹಾಕುತ್ತೇನೆ ಎಂದರೆ ಮಾತ್ರ ಆಗದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಗೆ ನಿಂತಿದ್ದ ಹುಡುಗನ ತಲೆ ರಸ್ತೆಯ ಮೇಲಿನ ಕಬ್ಬಿಣದ ತಡೆಗೆ ಬಡಿದ ವಿಡಿಯೊ ನೋಡಿದ ಮೇಲೆ ಅವಳೇ ಕೇಳುವುದನ್ನು ಬಿಟ್ಟಳು.

ಕಳೆದ ವಾರ ಮಂಗಳೂರಿನಿಂದ ಭಾವ ಫೋನ್ ಮಾಡಿದ್ದರು. ಅವರದು ಚಾವಣಿಯುದ್ದಕ್ಕೂ ಗಾಜಿರುವ ಕಾರು, ಹಿಂದಿನ ಸೀಟಿನ ಬಳಿ ಒದ್ದೆಯಾಗುತ್ತಿದೆಯಂತೆ. ಸರ್ವಿಸ್ ಕೇಂದ್ರದವರು ಪೂರ್ತಿ ಸೆಟ್ಟು ಬದಲಿಸಬೇಕು ಎಂದಿದ್ದಾರಂತೆ. ಏನೇನು ಕೇಳಬೇಕು ಹೇಳು ಎಂದರು. ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಒಂದು ರೂಪಾಯಿ ಮುಂಗಡ ಕೊಡಬೇಡಿ ಎಂದೆ. ನೈಲಾನ್ ದಾರ ಎರಡು ಮೀಟರು ತೆಗೆದಿಟ್ಟಿದ್ದೇನೆ. ಚೊಂಬು ಅವರ ಮನೆಯಲ್ಲೇ ಇರುತ್ತದೆ.