ಲೇಹ್‌ನ ಚಳಿಗೆ ಯಾವುದು ಮೇಲು: ಸೀಮೆಎಣ್ಣೆಯೋ, ಅಡಿಟಿವ್ವೋ, ಚಳಿಗಾಲದ ಡೀಸೆಲ್ಲೋ?

ಲೇಹ್‌ನಲ್ಲಿ ಜನವರಿಯ ಕೆಲವು ರಾತ್ರಿ ಉಷ್ಣಾಂಶವು ಮೈನಸ್ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆಗ ಸಾಮಾನ್ಯ ಡೀಸೆಲ್‌ನಲ್ಲಿ ಕರಗಿರುವ ಮೇಣವು, ಊರಿನಲ್ಲಿ ಧನುರ್ಮಾಸದ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುವಂತೆ, ಹರಳುಗಟ್ಟಿ ಮೊದಲು ಫಿಲ್ಟರನ್ನೇ ಕಟ್ಟಿಸುತ್ತದೆ. ಎಂಜಿನ್ ಹೊತ್ತಿಕೊಂಡು, ಸ್ವಲ್ಪ ಹೊತ್ತು ಓಡಿ, ಉಸಿರು ಸಾಲದಂತೆ ನಿಂತುಬಿಡುತ್ತದೆ. ಹಾಗೆ ನಿಂತ ಜೀಪಿನ ಫಿಲ್ಟರ್ ಬಿಚ್ಚಿ ನೋಡಿದಾಗ ಕಾಗದದ ಮಡಿಕೆಗಳ ತುಂಬ ಮಸುಕು ಬಿಳಿಯ ಲೋಳೆ ಮೆತ್ತಿಕೊಂಡಿತ್ತು.

ಇದಕ್ಕೆ ಇಲ್ಲಿನ ಹಳೆಯ ಚಾಲಕರ ಮದ್ದು ಸೀಮೆಎಣ್ಣೆ. ಅದನ್ನು ಬೆರೆಸಿದರೆ ಮೇಣ ಕಟ್ಟುವುದು ತಡವಾಗುತ್ತದೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಾಮನ್ ರೈಲ್ ಎಂಜಿನ್ನಿನ (ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರುಗಳಿಗೂ ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಬಗೆಯ ಎಂಜಿನ್) ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಜಾರೆಣ್ಣೆಯೂ ಆಗಿರುವುದರಿಂದ, ಜಿಡ್ಡು ಕಡಿಮೆಯಿರುವ ಸೀಮೆಎಣ್ಣೆ ಅದನ್ನು ಸವೆಸುತ್ತದೆ. ಗಂಧಕವು 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು) ಮೀರದ ಇಂಧನಕ್ಕೆಂದೇ ರೂಪಿಸಿದ ಬಿಎಸ್-6 (ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಮಾನದಂಡ) ಗಾಡಿಗಳಿಗಂತೂ ಗಂಧಕ ಹೆಚ್ಚಿರುವ ಸೀಮೆಎಣ್ಣೆ ಸಲ್ಲದು. ಹಳೆಯ ಲಾರಿಗಳು ತಾಳಿಕೊಳ್ಳುತ್ತವೆ ಎಂಬ ಮಾತ್ರಕ್ಕೆ ಹೊಸ ಗಾಡಿಯ ಮೇಲೆ ಈ ಪ್ರಯೋಗ ಬೇಡ.

ಡೀಸೆಲ್ ಗಟ್ಟಿಯಾಗದಂತೆ ಅದಕ್ಕೆ ಬೆರೆಸುವ ದ್ರವವಾದ ಆ್ಯಂಟಿ-ಜೆಲ್ ಅಡಿಟಿವ್ ಇದಕ್ಕಿಂತ ಉತ್ತಮ, ಆದರೆ ಅದಕ್ಕೆ ಮುಂದಾಲೋಚನೆ ಬೇಕು. ಅದು ಮೇಣದ ಹರಳುಗಳು ದೊಡ್ಡದಾಗಿ ಹೆಣೆದುಕೊಳ್ಳುವುದನ್ನು ತಡೆಯುತ್ತದೆಯೇ ಹೊರತು, ಈಗಾಗಲೇ ಕಟ್ಟಿದ ಮೇಣವನ್ನು ಕರಗಿಸುವುದಿಲ್ಲ. ಹೀಗಾಗಿ ಚಳಿ ಏರುವ ಮೊದಲೇ ಟ್ಯಾಂಕಿಗೆ ಸುರಿದು, ಅದರ ಮೇಲೆ ಡೀಸೆಲ್ ತುಂಬಿಸಿ, ಒಂದಿಷ್ಟು ದೂರ ಓಡಿಸಿ ಬೆರೆಸಬೇಕು. ಟ್ಯಾಂಕಿನಡಿ ಸ್ಟೌ ಉರಿಸುವ ಉಪಾಯವನ್ನು ನಾನು ನೋಡಿದ್ದೇನೆ, ಮಾಡಿಲ್ಲ, ಮಾಡುವುದೂ ಇಲ್ಲ.

ನನ್ನ ಮತ ಚಳಿಗಾಲದ ಡೀಸೆಲ್‌ಗೆ. ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಲಡಾಖಿಗೆ ತಂದ ಈ ಇಂಧನವು ಮೈನಸ್ 33 ಡಿಗ್ರಿಯವರೆಗೂ ಹರಿಯುವ ಗುಣವನ್ನು ಉಳಿಸಿಕೊಳ್ಳುತ್ತದೆ; ಅಳತೆ, ಬೆರಕೆಗಳ ತಾಪತ್ರಯವೂ ಇಲ್ಲ. ಒಂದೇ ಎಚ್ಚರಿಕೆಯೆಂದರೆ, ಬಯಲುಸೀಮೆಯಿಂದ ತುಂಬಿಸಿಕೊಂಡು ಬಂದ ಡೀಸೆಲ್ ಟ್ಯಾಂಕಿನಲ್ಲಿ ಅರ್ಧದಷ್ಟಿದ್ದರೆ ಅದರ ಮೇಲೆ ಇದನ್ನು ಹಾಕಿ ಪೂರ್ತಿ ಫಲ ನಿರೀಕ್ಷಿಸುವಂತಿಲ್ಲ. ಹಳೆಯದನ್ನು ಆದಷ್ಟು ಖಾಲಿ ಮಾಡಿ ತುಂಬಿಸುವುದು, ಫಿಲ್ಟರಿನ ಅಡಿಯಲ್ಲಿ ನಿಂತ ನೀರು ಹಿಮವಾಗುವ ಮೊದಲೇ ಅದನ್ನು ಬಸಿಯುವುದು ಅಗತ್ಯ. ಇಂಧನ ಎಷ್ಟೇ ಒಳ್ಳೆಯದಿದ್ದರೂ ಬ್ಯಾಟರಿಯ ಕಸುವು ಈ ಚಳಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ; ಆದ್ದರಿಂದ ತೀರಾ ಕೊರೆಯುವ ರಾತ್ರಿಗಳಲ್ಲಿ ಅದನ್ನು ಕಳಚಿ ಮನೆಯೊಳಗೆ ಇಟ್ಟುಕೊಳ್ಳುವ ರೂಢಿಯನ್ನು ನಾನಿನ್ನೂ ಬಿಟ್ಟಿಲ್ಲ.